ಕೋಲು ಕತ್ತಿಯಾಗುವ ವಯಸ್ಸು

ಜಾತ್ರೆ ಮುಗಿದ ಮರುವಾರ ಜಗಳೂರಿನ ಯಾವ ಓಣಿಯಲ್ಲಿ ನಡೆದರೂ ಒಂದು ನೋಟ ತಪ್ಪದು. ಮಂಡಕ್ಕಿ, ಬತ್ತಾಸುಗಳ ಪೊಟ್ಟಣದೊಡನೆ ಮನೆ ಸೇರಿದ ಕತ್ತಿ, ಗದೆ, ಬಿಲ್ಲು, ಪಿಸ್ತೂಲುಗಳು ಜಗುಲಿಗಳ ಮೇಲೆ ಸಾಲುಗಟ್ಟಿರುತ್ತವೆ. ಅವುಗಳ ಒಡೆಯರು ಮೂರರಿಂದ ಆರು ವರ್ಷದ ವೀರರು. ಬಾಗಿಲ ಮರೆಯಲ್ಲಿ ಅಡಗಿ ನಿಂತು, ದಾರಿಹೋಕರನ್ನೆಲ್ಲ ಒಬ್ಬೊಬ್ಬರಾಗಿ ನೆಲಕ್ಕುರುಳಿಸುತ್ತಿರುತ್ತಾರೆ. ಊರಿನ ಹೆಸರಿನಲ್ಲಿಯೇ ಜಗಳವಿದೆಯಲ್ಲವೇ ಎಂದು ಪರಸ್ಥಳದವರು ಮಾಡುವ ಹಾಸ್ಯವನ್ನು ಆ ಒಂದು ವಾರದ ಮಟ್ಟಿಗಾದರೂ ಒಪ್ಪಿಕೊಳ್ಳಬೇಕೆನಿಸುತ್ತದೆ.

ಅಂಥದೊಂದು ವಾರದಲ್ಲಿ, ಕೊಡದಗುಡ್ಡದ ವೀರಭದ್ರಸ್ವಾಮಿಯ ತೇರು ಮುಗಿದ ಕೆಲವು ದಿನಗಳಿಗೆ, ತಾಲ್ಲೂಕಿನ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ನಾಲ್ಕು ವರ್ಷದ ಮೊಮ್ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಮಗುವಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಊಟ ನಿದ್ರೆಗಳಿಗೂ ಕೊರತೆಯಿರಲಿಲ್ಲ. ಅಜ್ಜಿಯ ಅಳಲೇ ಬೇರೆ. “ಡಾಕ್ಟ್ರೇ, ದಿನಾ ಲಿಂಗಪೂಜೆ ನಡೆಯೋ ಮನೆ ನಮ್ದು. ಇರುವೆ ಕಂಡ್ರೆ ದಾಟಿ ಹೋಗೋ ಜನ ನಾವು. ಈ ಕೂಸು ನೋಡಿದ್ರೆ ಎದ್ದಾಗ್ಲಿಂದ ಮಲಗೋ ತನಕ ಕತ್ತಿ, ಬಂದೂಕು, ಕಡೀತೀನಿ, ಕೊಲ್ತೀನಿ ಅಂತೈತೆ. ಯಾವುದಾದ್ರೂ ಗಾಳಿ ಸೋಕೈತೋ, ತಲೆಗೇ ಏನಾದ್ರೂ ಆಗೈತೋ ನೋಡ್ರಿ.”

ಜಾತ್ರೆಯಲ್ಲಿ ಕೊಂಡ ಮರದ ಕತ್ತಿಯನ್ನು ತಂದೆ ಒಲೆಗೆ ಹಾಕಿದ್ದನಂತೆ. ಮರುದಿನ ಮಗು ಜೋಳದ ದಂಟನ್ನು ಕತ್ತಿ ಮಾಡಿಕೊಂಡಿತು. ಅದನ್ನು ಮುರಿದೆಸೆದಾಗ, ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎರಡು ಕಡೆ ಕಚ್ಚಿ ಪಿಸ್ತೂಲಿನ ಆಕಾರಕ್ಕೆ ತಂದು, ಅಪ್ಪನ ಎದೆಗೇ ಗುರಿಯಿಟ್ಟಿತು. ಅನ್ನಕ್ಕೆ ಅವಮಾನವಾಯಿತೆಂದು ತಂದೆಗೆ ಸಿಟ್ಟು ಬಂತು. ಅಜ್ಜಿ ಹೇಳುತ್ತಿರುವಾಗಲೇ ನಾನು ಹುಡುಗನ ಚಡ್ಡಿಯ ಕೆಳಗೆ ನೋಡಿದೆ. ಮೀನಖಂಡದ ಮೇಲೆ ಎರಡು ಬಾಸುಂಡೆಗಳು ಎದ್ದಿದ್ದವು.

ಇಷ್ಟು ದಿನದ ಆ ಮಹಾಯುದ್ಧದಲ್ಲಿ ನಿಜವಾಗಿ ಪೆಟ್ಟು ಬಿದ್ದದ್ದು ಒಂದೇ ಕಡೆ. ಅದು ಮಗುವಿನ ಕೈಯಿಂದ ಬಿದ್ದ ಪೆಟ್ಟಲ್ಲ.

ಆಟದೊಳಗಿನ ಆಯುಧ

ಮೂರು ವರ್ಷದ ಆಸುಪಾಸಿನಲ್ಲಿ ಮಗುವಿನ ಬುದ್ಧಿಯಲ್ಲಿ ದೊಡ್ಡದೊಂದು ಬದಲಾವಣೆ ಗಟ್ಟಿಗೊಳ್ಳುತ್ತದೆ. ಇದ್ದ ವಸ್ತುವನ್ನು ಇಲ್ಲದ ವಸ್ತುವೆಂದು ಭಾವಿಸುವ ಶಕ್ತಿ ಅದಕ್ಕೆ ಬರುತ್ತದೆ. ಕೋಲಿನ ಮೇಲೆ ಕಾಲು ಹಾಕಿ ಕುದುರೆಯೆಂದು ಓಡಿಸುವ ಮಗುವಿಗೆ ಅದು ಕೋಲೆಂಬುದೂ ಗೊತ್ತು, ಆಟದಲ್ಲಿ ಕುದುರೆಯೆಂಬುದೂ ಗೊತ್ತು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ (1896–1934) ಇದೇ ಕೋಲುಕುದುರೆಯ ಉದಾಹರಣೆಯನ್ನು ಹಿಡಿದು, ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವ ಮೊದಲ ಅಭ್ಯಾಸ ಆಟದಲ್ಲಿಯೇ ನಡೆಯುತ್ತದೆ ಎಂದು ವಿವರಿಸಿದರು. ಮುಂದೆ ಅಕ್ಷರವನ್ನು ಶಬ್ದವೆಂದು, ಅಂಕಿಯನ್ನು ಎಣಿಕೆಯೆಂದು ಗ್ರಹಿಸುವ ಬುದ್ಧಿಗೆ ಬೇರು ಇಲ್ಲಿದೆ. ರೊಟ್ಟಿಯನ್ನು ಪಿಸ್ತೂಲು ಮಾಡಿದ ಹುಡುಗ ಅನ್ನವನ್ನು ಅವಮಾನಿಸಲಿಲ್ಲ. ಅವನು ತನ್ನ ವಯಸ್ಸಿಗೆ ತಕ್ಕ ಕೆಲಸವನ್ನು, ಸ್ವಲ್ಪ ಅನಾನುಕೂಲವಾದ ಹೊತ್ತಿನಲ್ಲಿ, ಚೆನ್ನಾಗಿಯೇ ಮಾಡಿದ್ದ.

ಹಾಗಾದರೆ ಕೋಲು ಕುದುರೆಯೋ ಬಂಡಿಯೋ ಆಗದೆ ಕತ್ತಿಯೇ ಏಕಾಗಬೇಕು? ನಾಲ್ಕು ವರ್ಷದ ಮಗುವಿನ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಅವನೇ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರ ಮನೆಗೆ ಹೋಗಬೇಕು, ಯಾವ ಅಂಗಿ ತೊಡಬೇಕು ಎಂಬುದನ್ನೆಲ್ಲ ಬೇರೆಯವರೇ ನಿರ್ಧರಿಸುತ್ತಾರೆ. ಕತ್ತಲೆ, ನಾಯಿ, ಗುಡುಗು, ಮೀಸೆಯ ಮಾವ ಎಲ್ಲವೂ ಅವನಿಗಿಂತ ದೊಡ್ಡವು. ಕೈಗೊಂದು ಕೋಲು ಬಂದು ಅದಕ್ಕೆ ಕತ್ತಿಯೆಂದು ಹೆಸರಿಟ್ಟ ಕ್ಷಣ ಈ ಲೆಕ್ಕ ತಿರುಗಿಬೀಳುತ್ತದೆ. ಆರಡಿ ಎತ್ತರದ ಅಪ್ಪ ಕೈಯೆತ್ತಿ ಶರಣಾಗುತ್ತಾನೆ, ಅಜ್ಜ ಹೆದರಿದಂತೆ ನಟಿಸುತ್ತಾನೆ. ಮಗು ಬಯಸುವುದು ಕೊಲೆಯನ್ನಲ್ಲ, ಬಲವನ್ನು. ಕೊಲ್ಲುವುದೆಂದರೇನೆಂದು ಆ ವಯಸ್ಸಿನಲ್ಲಿ ಸರಿಯಾಗಿ ತಿಳಿದಿರುವುದೂ ಇಲ್ಲ. ಸಾವು ಮರಳಿಬಾರದ ಸಂಗತಿಯೆಂಬ ಅರಿವು ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಮೆಲ್ಲಮೆಲ್ಲನೆ ಮೂಡುವಂಥದು. ಅಲ್ಲಿಯವರೆಗೆ ಸತ್ತವರು ಎದ್ದು ಬಂದು ಚಹಾ ಕುಡಿಯುತ್ತಾರೆ.

ಭಯವನ್ನು ಆಟದಲ್ಲಿ ತಿರುವಿಹಾಕುವ ಈ ಕ್ರಮವನ್ನು ಮಕ್ಕಳ ವೈದ್ಯರು ದಿನವೂ ಕಾಣುತ್ತೇವೆ. ಲಸಿಕೆ ಹಾಕಿಸಿಕೊಂಡು ಅತ್ತು ಹೋದ ಮಗು ಸಂಜೆ ಮನೆಯವರಿಗೆಲ್ಲ ಕಡ್ಡಿಯಿಂದ ಸೂಜಿ ಚುಚ್ಚುತ್ತ ಕೂರುತ್ತದೆ. ಅದನ್ನು ಕಂಡು ತಾಯಂದಿರು ನಗುತ್ತಾರೆ, ಮಗ ಡಾಕ್ಟರಾಗುತ್ತಾನೆಂದು ನೆಂಟರಿಗೆ ಹೇಳುತ್ತಾರೆ. ಅದೇ ಕಡ್ಡಿ ಬಂದೂಕಾದರೆ ಮಗ ಕೊಲೆಗಾರನಾದಾನೆಂದು ಹೆದರುತ್ತಾರೆ. ಎರಡರಲ್ಲಿಯೂ ಮನಸ್ಸು ಮಾಡುತ್ತಿರುವ ಕೆಲಸ ಒಂದೇ.

ಮೈಗೆ ಮೈ ತಾಗಿಸಿ ಸೆಣಸುವ ಆಟಕ್ಕೆ ಇದಕ್ಕಿಂತ ಹಳೆಯ ಬೇರಿದೆ. ಆಡಿನ ಮರಿಗಳು ಹಣೆಗೆ ಹಣೆ ಕೊಟ್ಟು ಕಾದಾಡುವುದನ್ನು ನಮ್ಮ ಸೀಮೆಯವರಿಗೆ ಬಣ್ಣಿಸಬೇಕಿಲ್ಲ. ನಾಯಿಮರಿ ಕಚ್ಚುವುದೂ ಹಾಗೆಯೇ, ಹಲ್ಲು ಊರದಂತೆ. ಎಷ್ಟು ಬಿಗಿ ಹಿಡಿದರೆ ನೋವಾಗುತ್ತದೆ, ಎಲ್ಲಿ ಕೈಬಿಡಬೇಕು, ಎದುರಾಳಿ ಸಾಕೆಂದಾಗ ಹೇಗೆ ನಿಲ್ಲಬೇಕು ಎಂಬುದನ್ನು ಎಳೆಯ ಪ್ರಾಣಿ ಕಲಿಯುವುದು ಈ ಸೆಣಸಾಟದಲ್ಲಿಯೇ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಅದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ನಾವು ಕಲಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹೆಣ್ಣುಮಕ್ಕಳೇನೂ ಹಿಂದೆ ಬಿದ್ದವರಲ್ಲ. 1997ರವರೆಗೆ ಜಗಳೂರು ಸೇರಿದ್ದು ಚಿತ್ರದುರ್ಗ ಜಿಲ್ಲೆಗೆ. ಆ ಕೋಟೆಯ ಕಿಂಡಿಯನ್ನು ಒಮ್ಮೆ ಕಂಡುಬಂದ ಹುಡುಗಿ ಅಡುಗೆಮನೆಯ ಲಟ್ಟಣಿಗೆ ಹಿಡಿದು ಎಷ್ಟು ದಿನ ಓಬವ್ವನಾಗಿರುತ್ತಾಳೆಂಬುದನ್ನು ಅವಳ ತಾಯಿಯನ್ನೇ ಕೇಳಬೇಕು.

ದಕ್ಷನು ಮತ್ತೆ ಏಳುತ್ತಾನೆ

ಅಜ್ಜಿಯ ಮಾತಿನಲ್ಲಿದ್ದ ನೋವು ಬರಿಯ ವೈದ್ಯಕೀಯದ್ದಲ್ಲ. ಶರಣರ ಮನೆಯಲ್ಲಿ ಇಂಥ ಮಗು ಹೇಗೆ ಹುಟ್ಟಿತು ಎಂಬ ಧರ್ಮಸಂಕಟ ಅದರೊಳಗಿತ್ತು. ಆದುದರಿಂದ ಆ ಮಾತನ್ನೂ ಎತ್ತಿಕೊಳ್ಳುವುದು ಅವಶ್ಯ.

ನಮ್ಮ ಪರಂಪರೆ ಅಹಿಂಸೆಯನ್ನು ಎತ್ತಿಹಿಡಿದದ್ದು ನಿಜ, ಆದರೆ ಆಯುಧವನ್ನು ಕಣ್ಣಿಂದ ಮರೆಮಾಡಲಿಲ್ಲ. ಕಲ್ಯಾಣಕ್ರಾಂತಿಯ ತರುವಾಯ ವಚನಗಳ ಕಟ್ಟುಗಳನ್ನು ಉಳಿಸಲು ಮಡಿವಾಳ ಮಾಚಿದೇವರು ಸೈನ್ಯಕ್ಕೆ ಇದಿರಾಗಿ ನಿಂತರೆಂದು ನಾವು ಮಕ್ಕಳಿಗೆ ಕಥೆ ಹೇಳುತ್ತೇವೆ. 1824ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಖಡ್ಗವೆತ್ತಿದ ಕಿತ್ತೂರು ಚೆನ್ನಮ್ಮನ ವೇಷವನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಹಾಕಿಸಿ, ರಟ್ಟಿನ ಕತ್ತಿಗೆ ಬೆಳ್ಳಿಯ ಕಾಗದವನ್ನು ನಾವೇ ಅಂಟಿಸಿಕೊಡುತ್ತೇವೆ. ಹಳ್ಳಿಯ ಹೊರಗಿನ ವೀರಗಲ್ಲಿನ ಮೇಲೆ ಬಿಲ್ಲು ಬಾಣ ಹಿಡಿದವನಿಗೆ ಎಣ್ಣೆ ಸುರಿಯುತ್ತೇವೆ. ಮಹಾನವಮಿಯಲ್ಲಿ ಕುಡುಗೋಲು ಕೊಡಲಿಗಳಿಗೆ ವಿಭೂತಿ ಬಳಿಯುತ್ತೇವೆ. ಇಷ್ಟನ್ನೆಲ್ಲ ಕಣ್ಣರಳಿಸಿ ನೋಡಿದ ಮಗು ಮನೆಗೆ ಬಂದು ಕೋಲೆತ್ತಿದರೆ, ಇದೆಲ್ಲಿಂದ ಬಂತೆಂದು ಬೆರಗಾಗುತ್ತೇವೆ!

ಆ ಹುಡುಗ ಜಾತ್ರೆಯಲ್ಲಿ ಪುರವಂತರನ್ನು ಕಂಡಿದ್ದ. ಕಾವಿ ಉಡುಪು, ರುದ್ರಾಕ್ಷಿ, ಸೊಂಟಕ್ಕೆ ಗೆಜ್ಜೆ, ಕೈಯಲ್ಲಿ ಖಡ್ಗ. ವೀರಭದ್ರನ ಒಡಪು ಹೇಳುತ್ತ ಅವರು ಹೂಂಕರಿಸಿದಾಗ ದೊಡ್ಡವರ ಎದೆಯೇ ನಡುಗುವಲ್ಲಿ, ಅಪ್ಪನ ಹೆಗಲ ಮೇಲೆ ಕುಳಿತ ನಾಲ್ಕು ವರ್ಷದವನ ಪಾಡೇನು? ಭಯವೂ ಆಯಿತು, ತಾನೂ ಹಾಗಾಗಬೇಕೆಂಬ ಆಸೆಯೂ ಹುಟ್ಟಿತು. ನಾನು ಅಜ್ಜಿಯನ್ನು ಕೇಳಿದೆ: “ಆ ಖಡ್ಗ ಯಾರಿಗಾದರೂ ತಾಗಿತೇನಮ್ಮಾ?” “ಶಿವ ಶಿವಾ, ದೇವರ ಖಡ್ಗ ಅದು, ಯಾರಿಗ್ಯಾಕೆ ತಾಗುತ್ತೆ?” ಎಂದರು. ಅದಕ್ಕೊಂದು ಹೊತ್ತಿದೆ, ಒಂದು ಜಾಗವಿದೆ, ವ್ರತವಿದೆ, ಕುಣಿತದ ಲೆಕ್ಕವಿದೆ. ಮಕ್ಕಳು ತಮ್ಮತಮ್ಮಲ್ಲಿ ‘ಮುಖಕ್ಕೆ ಹೊಡೆಯೋ ಹಾಗಿಲ್ಲ, ಕಟ್ಟೆ ಮೇಲೆ ಇದ್ದವರನ್ನು ಮುಟ್ಟೋ ಹಾಗಿಲ್ಲ’ ಎಂದು ಮಾಡಿಕೊಳ್ಳುವ ಕಟ್ಟಳೆ ಇದೇ ಜಾತಿಯದು.

ವೀರಭದ್ರನ ಕಥೆಯ ಕೊನೆಯನ್ನೂ ನಾವು ಮರೆಯುತ್ತೇವೆ. ದಕ್ಷನ ತಲೆ ಹಾರಿದಲ್ಲಿಗೆ ಕಥೆ ನಿಲ್ಲುವುದಿಲ್ಲ. ಆಡಿನ ತಲೆ ಹೊತ್ತು ಅವನು ಮತ್ತೆ ಏಳುತ್ತಾನೆ, ನಿಂತ ಯಜ್ಞ ಪೂರ್ಣವಾಗುತ್ತದೆ. ಮಕ್ಕಳ ಕದನವೂ ಹೀಗೆಯೇ. ಸತ್ತವನು ಎದ್ದೇಳದಿದ್ದರೆ ಆಟ ಮುಂದುವರಿಯುವುದಿಲ್ಲ.

ಜಗಳೂರು 1950ರಲ್ಲಿ ತರಳಬಾಳು ಹುಣ್ಣಿಮೆ ನಡೆದ ಊರು. ತರಳ ಎಂದರೆ ಮಗು. ಮಗುವೇ, ಬಾಳು ಎಂಬ ಹರಕೆಯನ್ನೇ ಹೆಸರಾಗಿ ಹೊತ್ತ ಹುಣ್ಣಿಮೆಯದು. ಬಸವಣ್ಣನವರು ಹೇಳಿದ ಏಳು ಶೀಲಗಳಲ್ಲಿ ಕೊಲ್ಲದಿರುವುದೂ ಇದೆ, ಮುನಿಯದಿರುವುದೂ ಇದೆ. ಒಲೆಯ ಮುಂದೆ ನಿಂತಿದ್ದ ಆ ತಂದೆ ಮಗನಿಗೆ ಮೊದಲನೆಯದನ್ನು ಕಲಿಸುವ ಆತುರದಲ್ಲಿ ತನ್ನ ಪಾಲಿನ ಇನ್ನೊಂದನ್ನು ಮರೆತ.

ಕೈಯನ್ನಲ್ಲ, ಮುಖವನ್ನು ನೋಡಿ

ಎಲ್ಲ ಹೊಡೆದಾಟವೂ ಆಟವೆಂದು ನಾನು ಹೇಳುತ್ತಿಲ್ಲ. ಆಟ ಯಾವುದು, ಜಗಳ ಯಾವುದು ಎಂದು ಗುರುತಿಸುವ ವಿದ್ಯೆಯನ್ನು ತಾಯ್ತಂದೆಯರೂ ಅಂಗನವಾಡಿ ಕಾರ್ಯಕರ್ತೆಯರೂ ಕಲಿಯಬೇಕು. ಕಲಿಯುವುದು ಕಷ್ಟವೂ ಅಲ್ಲ. ಮಕ್ಕಳ ವರ್ತನೆಯನ್ನು ಮೈದಾನದ ಅಂಚಿನಲ್ಲಿ ಕುಳಿತು ನೋಡಿ ಬರೆದಿಟ್ಟ ವಿಜ್ಞಾನಿಗಳು 1960ರ ದಶಕದಿಂದಲೂ ಹೇಳುತ್ತ ಬಂದಿರುವ ಲಕ್ಷಣಗಳು ನಮ್ಮ ಅಂಗಳಕ್ಕೂ ಹೊಂದುತ್ತವೆ.

ಆಟದಲ್ಲಿ ಮುಖ ಸಡಿಲವಾಗಿರುತ್ತದೆ, ಬಾಯಿ ತೆರೆದು ನಗುತ್ತಿರುತ್ತದೆ. ಕೈ ಜೋರಾಗಿ ಬೀಸಿದರೂ ಮೈಗೆ ತಾಗುವ ಹೊತ್ತಿಗೆ ಬಲ ಕುಗ್ಗಿರುತ್ತದೆ. ಬಲಶಾಲಿಯಾದವನು ಬೇಕೆಂದೇ ಒಮ್ಮೆ ಸೋಲುತ್ತಾನೆ. ಓಡಿಸುವವನು ಓಡುವವನಾಗುತ್ತಾನೆ, ಕಳ್ಳ ಪೊಲೀಸಾಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟ ಮುಗಿದ ಮೇಲೆ ಅವರು ಒಟ್ಟಿಗೇ ಉಳಿಯುತ್ತಾರೆ, ಮುಂದಿನ ಆಟಕ್ಕೆ ಒಟ್ಟಿಗೇ ಹೋಗುತ್ತಾರೆ. ನಿಜವಾದ ಜಗಳದಲ್ಲಿ ಹುಬ್ಬು ಗಂಟಿಕ್ಕಿರುತ್ತದೆ, ತುಟಿ ಬಿಗಿದಿರುತ್ತದೆ, ಮುಷ್ಟಿ ಮುಚ್ಚಿರುತ್ತದೆ. ಒಬ್ಬನೇ ಹೊಡೆಯುತ್ತಾನೆ, ಒಬ್ಬನೇ ಅಳುತ್ತಾನೆ. ಸಾಮಾನ್ಯವಾಗಿ ನಡುವೆ ಒಂದು ವಸ್ತುವಿರುತ್ತದೆ, ಚೆಂಡೋ ಸೈಕಲ್ಲೋ ಕಿಟಕಿಯ ಪಕ್ಕದ ಜಾಗವೋ. ಮುಗಿದ ಮೇಲೆ ಇಬ್ಬರೂ ಎರಡು ದಿಕ್ಕಿಗೆ ಹೋಗುತ್ತಾರೆ.

ಒಮ್ಮೊಮ್ಮೆ ಆಟವೇ ಜಗಳವಾಗಿ ತಿರುಗುವುದುಂಟು. ಒಬ್ಬನ ನಗೆ ನಿಂತುಹೋದುದನ್ನು ಇನ್ನೊಬ್ಬ ಗಮನಿಸದಿದ್ದಾಗ ಹೀಗಾಗುತ್ತದೆ. ಆಗ ಹಿರಿಯರು ಮಾಡಬೇಕಾದದ್ದು ಇಷ್ಟೇ: ಆಟವನ್ನು ನಿಲ್ಲಿಸಿ, ಆ ಮುಖವನ್ನು ತೋರಿಸಿ, “ಇವನಿಗೆ ಇನ್ನೂ ಆಟ ಬೇಕಾ, ಕೇಳು” ಎನ್ನುವುದು. ಎದುರಿನವನ ಮುಖವನ್ನು ಓದಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ನಿಷೇಧದ ದಾರಿಯನ್ನು ಪರದೇಶದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲೆಂಡಿನ ಅನೇಕ ಶಿಶುವಿಹಾರಗಳು ಆಯುಧದ ಆಟಕ್ಕೆ ಬಹುಕಾಲ ಪೂರ್ತಿ ತಡೆ ಹಾಕಿದ್ದವು. ಅಂಥ ಕಡೆಗಳಲ್ಲಿ ಕೆಲಸ ಮಾಡಿದ ಪೆನ್ನಿ ಹಾಲೆಂಡ್ ಎಂಬ ಶಿಕ್ಷಣತಜ್ಞೆ 2003ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ತಡೆಯಿಂದ ಆಟ ನಿಲ್ಲುವುದಿಲ್ಲ. ಮಕ್ಕಳು ಮರೆಯಲ್ಲಿ ಆಡುತ್ತಾರೆ, ಕೇಳಿದರೆ ಇದು ಬಂದೂಕಲ್ಲ, ನೀರಿನ ಕೊಳವೆ ಎಂದು ಸುಳ್ಳು ಹೇಳಲು ಕಲಿಯುತ್ತಾರೆ. ದಿನವೂ ಬೈಸಿಕೊಳ್ಳುವ ಕೆಲವು ಹುಡುಗರು ತಾವೇ ಕೆಟ್ಟವರೆಂದು ನಂಬತೊಡಗುತ್ತಾರೆ. ತಡೆಯನ್ನು ಸಡಿಲಿಸಿ ಹಿರಿಯರೂ ಆಟದೊಳಗೆ ಸೇರಿದಾಗ ಬಂದೂಕಿನ ಆಟ ಮೆಲ್ಲನೆ ಬೇರೆ ಕಥೆಗಳಿಗೆ ತಿರುಗಿತೆಂದು ಅವರು ಕಂಡರು. 2007ರಲ್ಲಿ ಅಲ್ಲಿನ ಸರ್ಕಾರದ ಶಿಕ್ಷಣ ಇಲಾಖೆಯ ಮಾರ್ಗದರ್ಶಿಯೂ ಇದೇ ದಿಕ್ಕಿನಲ್ಲಿ ಸಲಹೆ ಕೊಟ್ಟಿತು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ‘ಅಂಥ ಆಟಿಕೆ ಕೊಡಿಸಬೇಡಿ’ ಎಂದಷ್ಟೇ ಹೇಳಿ ಕಳುಹಿಸುತ್ತಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹೊಡೆತದ ಮಾತು ಇನ್ನೂ ಸ್ಪಷ್ಟವಾಗಿದೆ. 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 75 ಅಧ್ಯಯನಗಳನ್ನು, ಅಂದರೆ ಸುಮಾರು 1,60,000 ಮಕ್ಕಳ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದರು. ಮನೆಯಲ್ಲಿ ಪೆಟ್ಟು ತಿನ್ನುವ ಮಕ್ಕಳಲ್ಲಿ ಆಕ್ರಮಣಶೀಲತೆ ಹೆಚ್ಚಾಗಿ ಕಂಡುಬಂತೇ ಹೊರತು ಕಡಿಮೆಯಾಗಿ ಅಲ್ಲ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವಿನ ಮೇಲೆ ಕೈಮಾಡುವುದನ್ನು ನಿಷೇಧಿಸಿದೆ. ಮನೆಯ ಹೊಸ್ತಿಲೊಳಗೆ ಆ ಕಾಯ್ದೆ ಬರುವುದಿಲ್ಲ.

ಪರದೆಯ ಮೇಲಿನ ಯುದ್ಧ

ಮೊಬೈಲು ಮತ್ತು ದೂರದರ್ಶನದ ವಿಷಯದಲ್ಲಿ ಮಾತ್ರ ನನ್ನ ನಿಲುವು ಇಷ್ಟು ಮೃದುವಲ್ಲ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳನ್ನು ಪರೀಕ್ಷೆಗೆ ತೆಗೆದುಕೊಂಡರು. ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರೊಬ್ಬರು ಗುದ್ದಿ ಬೈಯುವುದನ್ನು ಕಂಡ ಮಕ್ಕಳು ತಾವೂ ಅದೇ ರೀತಿ ಗುದ್ದಿದರು, ಅದೇ ಮಾತುಗಳಿಂದ ಬೈದರು. ಮುಂದೆ ಇದೇ ದೃಶ್ಯವನ್ನು ಚಲನಚಿತ್ರದಲ್ಲಿ ತೋರಿಸಿದಾಗಲೂ ಹಾಗೆಯೇ ಆಯಿತು. ಗೊಂಬೆ ಇರುವುದೇ ಗುದ್ದುವುದಕ್ಕಲ್ಲವೇ ಎಂದು ಆಕ್ಷೇಪಿಸಿದವರಿದ್ದಾರೆ. ಅದರಲ್ಲಿ ಹುರುಳೂ ಇದೆ. ಆದರೂ ಹಿರಿಯರು ಮಾಡಿದ್ದನ್ನು ಮಗು ಮಾಡುತ್ತದೆಂಬ ಮೂಲ ಮಾತು ಅಲುಗಿಲ್ಲ.

ಪರದೆಯಿಂದ ಬಂದ ಕದನವನ್ನು ಗುರುತಿಸುವ ಬಗೆಯೊಂದಿದೆ. ಸ್ವಂತ ಕಲ್ಪನೆಯ ಆಟ ದಿನಕ್ಕೊಂದು ತಿರುವು ಪಡೆಯುತ್ತದೆ. ಇಂದು ಕೋಟೆ, ನಾಳೆ ಕಾಡು, ನಾಡಿದ್ದು ಗಾಯಾಳುವಿಗೆ ಮುಲಾಮು. ಪರದೆಯ ನಕಲು ಅದೇ ಐದು ಹೊಡೆತ, ಅದೇ ಬೈಗುಳ, ಅದೇ ಸದ್ದಿನಲ್ಲಿ ಗಿರಕಿ ಹೊಡೆಯುತ್ತದೆ. ಐದು ವರ್ಷದೊಳಗಿನ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆಯಂತೆ ಎರಡರಿಂದ ನಾಲ್ಕು ವರ್ಷದವರು ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು, ಅದಕ್ಕೂ ಚಿಕ್ಕವರಿಗೆ ಪರದೆಯೇ ಬೇಡ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆವರುವಂತಿರಬೇಕು. ಜಗುಲಿಯಿಂದ ಜಗುಲಿಗೆ ಶತ್ರುವನ್ನು ಅಟ್ಟಿಸಿಕೊಂಡು ಹೋಗುವ ಹುಡುಗ ಈ ಲೆಕ್ಕವನ್ನು ಯಾರೂ ಹೇಳದೆಯೇ ಪೂರೈಸುತ್ತಿರುತ್ತಾನೆ. ಊಟ ಮಾಡಿಸಲೆಂದು ಅವನ ಕೈಗೆ ಮೊಬೈಲು ಕೊಟ್ಟು ಗುಂಡಿನ ಆಟ ಹಚ್ಚುವವರು ನಾವು.

ನಿಜವಾದ ಅಪಾಯ

ಮನಸ್ಸಿನ ಬಗ್ಗೆ ಪಡುವ ಅಂಜಿಕೆಯಲ್ಲಿ ಕಾಲುಪಾಲನ್ನು ಕಣ್ಣಿನ ಬಗ್ಗೆ ಪಟ್ಟರೆ ಎಷ್ಟೋ ಮಕ್ಕಳ ದೃಷ್ಟಿ ಉಳಿದೀತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ, 1988ರಲ್ಲಿ ಮಹಾಭಾರತ ಆರಂಭವಾದಾಗ ಊರೂರಿನ ಮಕ್ಕಳು ಕಡ್ಡಿಯ ಬಿಲ್ಲುಬಾಣ ಹಿಡಿದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಪೊರಕೆಕಡ್ಡಿಯ ಬಾಣವೂ ಕಣ್ಣಿನ ಕರಿಗುಡ್ಡೆಯನ್ನು ಸೀಳಬಲ್ಲದು. ಜಾತ್ರೆಯಲ್ಲಿ ಸಿಗುವ, ಚಿಕ್ಕ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕನ್ನು ಆಟಿಕೆಯೆಂದು ನಾನು ಕರೆಯಲಾರೆ. ಆ ಗುಂಡು ಕಣ್ಣಿಗೆ ಬಡಿದರೆ ಒಳಗೆ ರಕ್ತ ತುಂಬಿಕೊಳ್ಳುತ್ತದೆ, ಮುಂದೆ ಪೊರೆ ಅಥವಾ ಒತ್ತಡದ ತೊಂದರೆ ಬರಬಹುದು. ಕವಣೆಯ ಕಲ್ಲು, ದೀಪಾವಳಿಯ ಪಿಸ್ತೂಲಿನ ಕಿಡಿ ಇವೂ ಇದೇ ಸಾಲಿನವು.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು. ಚುಚ್ಚಿಕೊಂಡದ್ದೇನಾದರೂ ಇದ್ದರೆ ಕೀಳಬಾರದು, ನೀರು ಸುರಿಯಬಾರದು. ಹರಳೆಣ್ಣೆ, ಎದೆಹಾಲು, ಅರಿಶಿನದ ನೀರು ಯಾವುದೂ ಬೇಡ. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಕವುಚಿ, ಅಂಚಿಗೆ ಪಟ್ಟಿ ಹಾಕಿ, ಮಗುವನ್ನು ಅಳಿಸದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮಿಂದ ದಾವಣಗೆರೆ ದೂರವೆಂದು ಬೆಳಗಿನ ಬಸ್ಸಿಗೆ ಕಾಯುವುದು ಬೇಡ. ಆ ರಾತ್ರಿಯೇ ಹೊರಡಿ.

ಇನ್ನೊಂದು ಅಪಾಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸದ್ದು ಮಾಡುವ, ದೀಪ ಮಿಣುಕುವ ಕತ್ತಿ ಪಿಸ್ತೂಲುಗಳ ಹೊಟ್ಟೆಯಲ್ಲಿ ಗುಂಡಿಯಾಕಾರದ ಚಿಕ್ಕ ಬ್ಯಾಟರಿ ಇರುತ್ತದೆ. ಆಟಿಕೆ ಒಡೆದಾಗ ಅದು ಹೊರಬೀಳುತ್ತದೆ, ಮನೆಯ ಕಿರಿಯ ಕೂಸು ನುಂಗುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡತೊಡಗುತ್ತದೆ. ನುಂಗಿದ ಅನುಮಾನವಿದ್ದರೆ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ. 2021ರ ಜನವರಿಯಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೊಳ್ಳುವಾಗ ಅದನ್ನು ನೋಡಿ. ಹೊಲದ ಕಾವಲಿಗೆ ಪರವಾನಗಿ ಬಂದೂಕು ಇರುವ ಮನೆಗಳವರು ಅದನ್ನು ಗುಂಡು ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ಬೇರೆಡೆ ಇಡಬೇಕು. ಆಟದ ಬಂದೂಕಿನಿಂದ ಅಜ್ಜನನ್ನು ನೂರು ಸಲ ಕೊಂದ ಮಗುವಿಗೆ ನೂರೊಂದನೆಯದು ಬೇರೆಯೆಂದು ತಿಳಿಯದು.

ಯಾವಾಗ ಚಿಂತಿಸಬೇಕು

ಕೆಲವು ಆಟಗಳಲ್ಲಿ ನಗೆ ಇರುವುದಿಲ್ಲ. ಮಗು ಒಂದೇ ದೃಶ್ಯವನ್ನು ವಾರಗಟ್ಟಲೆ, ಸಂತೋಷವಿಲ್ಲದೆ, ಯಾರನ್ನೂ ಸೇರಿಸಿಕೊಳ್ಳದೆ ಆಡುತ್ತಿದ್ದರೆ ನಿಂತು ನೋಡಬೇಕು. ಬೆಲ್ಟಿನಿಂದ ಗೊಂಬೆಯನ್ನು ಬಾರಿಸಿ, ಆಮೇಲೆ ಅದರ ಬಾಯನ್ನು ಕೈಯಿಂದ ಮುಚ್ಚಿ ‘ಅಳಬೇಡ, ಪಕ್ಕದವರಿಗೆ ಕೇಳುತ್ತೆ’ ಎನ್ನುವ ಹೆಣ್ಣುಮಗುವೊಂದನ್ನು ನಾನು ಕಂಡಿದ್ದೇನೆ. ಅವಳಿಗೆ ಆ ಮಾತನ್ನು ಯಾವ ಧಾರಾವಾಹಿಯೂ ಕಲಿಸಿರಲಿಲ್ಲ. ಅಂಥಲ್ಲಿ ಚಿಕಿತ್ಸೆ ಬೇಕಾದದ್ದು ಮಗುವಿಗಿಂತ ಮೊದಲು ಮನೆಗೆ, ಬಹಳ ಸಲ ಅಲ್ಲಿನ ಕುಡಿತಕ್ಕೆ.

ಬೇಕೆಂದೇ ಪ್ರಾಣಿಗಳನ್ನು ನೋಯಿಸುವುದು, ಎದುರಿನವರು ಅತ್ತರೂ ನಿಲ್ಲಿಸದಿರುವುದು, ನಿಜವಾದ ಚಾಕುವನ್ನು ಹುಡುಕಿ ಅಡಗಿಸಿಡುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ರಾತ್ರಿ ಬೆಚ್ಚಿ ಏಳುವುದು, ಮಾತು ತಡವಾಗಿದ್ದು ಕೈಯೇ ಮಾತಾಗಿರುವುದು ಇವು ವೈದ್ಯರಿಗೆ ತೋರಿಸಬೇಕಾದ ಸೂಚನೆಗಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರುತ್ತದೆ. ಅವರೊಡನೆ ಸಂಕೋಚವಿಲ್ಲದೆ ಮಾತಾಡಬಹುದು. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂದು ತಿಳಿದರೆ 1098ಕ್ಕೆ ಕರೆ ಮಾಡಬಹುದು.

ಆ ಅಜ್ಜಿಯ ಮೊಮ್ಮಗನಲ್ಲಿ ಇವು ಯಾವುವೂ ಇರಲಿಲ್ಲ. ಬಾಸುಂಡೆಗೆ ಮುಲಾಮು ಬರೆದುಕೊಟ್ಟೆ. ತಂದೆಯನ್ನು ಒಮ್ಮೆ ಕರೆತರಲು ಹೇಳಿದೆ. ಕತ್ತಿಗೆ ಮೊನೆ ಇರಬಾರದು, ಕುತ್ತಿಗೆಯ ಮೇಲಕ್ಕೆ ಬೀಸಬಾರದು, ಊಟದ ಹೊತ್ತಿಗೆ ಕತ್ತಿ ಮೂಲೆಯಲ್ಲಿ ಮಲಗಬೇಕು ಎಂಬ ಕಟ್ಟಳೆಯನ್ನು ಹುಡುಗನ ಎದುರಿಗೇ ಮಾಡಿದೆವು. “ಮತ್ತೆ ನಾನೇನು ಮಾಡ್ಲಿ ಡಾಕ್ಟ್ರೇ?” ಎಂದು ಅಜ್ಜಿ ಕೇಳಿದರು. ದಿನಕ್ಕೊಮ್ಮೆ ಸಾಯಿರಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಹುಡುಗ ಮಾತ್ರ ನಕ್ಕ.

ತಂದೆ ಒಂದು ಸೋಮವಾರ ಬಂದ. ಸಣ್ಣವನಿದ್ದಾಗ ದೊಡ್ಡಾಟದ ಭೀಮನ ಪಾತ್ರಧಾರಿಯ ಹಿಂದೆ ಗದೆ ಹೊತ್ತು ತಿರುಗುತ್ತಿದ್ದೆನೆಂದು, ಹೊರಡುವ ಹೊತ್ತಿನಲ್ಲಿ, ಬಾಗಿಲ ಬಳಿ ನಿಂತು ಹೇಳಿದ. ತನ್ನಪ್ಪ ಆಗ ಏನು ಮಾಡಿದ್ದರೆಂದು ನಾನು ಕೇಳಲಿಲ್ಲ.

ಎರಡು ತಿಂಗಳ ತರುವಾಯ, ಕಿರಿಯ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಅಜ್ಜಿ ಮತ್ತೆ ಬಂದರು. ಹುಡುಗನ ಕೈಯಲ್ಲಿ ಸುರುಳಿ ಸುತ್ತಿದ ಹಳೆಯ ದಿನಪತ್ರಿಕೆಯಿತ್ತು. ಒಳಗೆ ಬಂದವನೇ ನನ್ನ ಹೊಟ್ಟೆಗೆ ಅದನ್ನು ತಿವಿದ. ನಾನು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದೆ. ಹೊರಗೆ ಕಾದವರ ಸಾಲು ಬೆಳೆದಿತ್ತು, ಆದರೂ ಸ್ವಲ್ಪ ಹೊತ್ತು ಸತ್ತೇ ಇದ್ದೆ. ಅವನು ಹತ್ತಿರ ಬಂದು ನನ್ನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿ, “ಏಳ್ರಿ ಡಾಕ್ಟ್ರೇ, ಈಗ ನಿಮ್ಮ ಪಾಳಿ” ಎಂದು ಕತ್ತಿಯನ್ನು ನನ್ನ ಕೈಗೆ ಕೊಟ್ಟ.